ಸಿಡ್ನಿಯ ಇಟ್ಟಿಗೆ ಗುಂಡಿ: ಕಪ್ಪೆ ನೋಡಲು ಹೋಗಿ ಕಪ್ಪೆ ಕಾಣದೆ ಬಂದೆವು

ಮಗಳ ಬಾಣಂತನಕ್ಕೆ ಅಂತ ಸಿಡ್ನಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆವು. ದಾವಣಗೆರೆಗೆ ವಾಪಸ್ ಬಂದ ಮೇಲೆ ಸಿಕ್ಕವರದ್ದೆಲ್ಲ ಒಂದೇ ಪ್ರಶ್ನೆ. ಆಪೆರಾ ಹೌಸ್ ನೋಡಿದ್ರಾ? ಆ ದೊಡ್ಡ ಸೇತುವೆ ನೋಡಿದ್ರಾ? ನೋಡಿದೆವು, ಫೋಟೊನೂ ತೆಗೆಸಿಕೊಂಡೆವು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಅಲ್ಲಿನ ಒಂದು ಗುಂಡಿಯ ಬಗ್ಗೆ, ಆ ಗುಂಡಿಯ ಮೇಲೆ ಕಂಬ ನಿಲ್ಲಿಸಿ ಕಟ್ಟಿರುವ ಸುತ್ತು ದಾರಿಯ ಬಗ್ಗೆ. ನಮ್ಮ ಕಡೆಯಿಂದ ಮಕ್ಕಳ ಮನೆಗೆ ಅಂತ ಹೋಗಿ, ಕೂಸಿಗೆ ಎಣ್ಣೆ ನೀರು ಹಾಕಿ, ಸಾರು ಕುದಿಸಿ, ಮಧ್ಯಾಹ್ನ ಕಿಟಕಿ ಹತ್ತಿರ ಕೂತು ಬೇಜಾರು ಮಾಡಿಕೊಳ್ಳುವ ಅಪ್ಪ ಅಮ್ಮಂದಿರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇದು.

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ. ನಮ್ಮದು ಇಟ್ಟಿಗೆ ಭಟ್ಟಿ ಮನೆ. ಹರಿಹರದ ಕಡೆ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಭಟ್ಟಿ ನಡೆಸಿದೆವು. ಯಜಮಾನ್ರು ಮಣ್ಣು, ಬೆಂಕಿ, ಲೋಡು ನೋಡಿಕೊಳ್ಳುತ್ತಿದ್ದರು. ನಾನು ಲೆಕ್ಕ ಬರೆಯುತ್ತಿದ್ದೆ. ಸಾವಿರಕ್ಕೆ ಇಷ್ಟು ಅಂತ ಅಚ್ಚು ಹಾಕುವವರ ಕೂಲಿ, ವಾರದ ಬಟವಾಡೆ, ಇಟ್ಟಿಗೆ ಸುಡಲು ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟಿನ ಬಾಬ್ತು, ಟ್ರ್ಯಾಕ್ಟರ್ ಬಾಡಿಗೆ. ಸಿಮೆಂಟ್ ಬ್ಲಾಕ್ ಬಂದ ಮೇಲೆ ವ್ಯಾಪಾರ ಬಿತ್ತು. ಭಟ್ಟಿ ನಿಲ್ಲಿಸಿ ಏಳು ವರ್ಷ ಆಯಿತು. ಈಗ ಉಳಿದಿರುವುದು ಒಂದು ಶೆಡ್ಡು ಮತ್ತು ಮುಕ್ಕಾಲು ಎಕರೆಯ ಗುಂಡಿ. ಆ ಗುಂಡಿಯ ಸುದ್ದಿ ಆಮೇಲೆ ಹೇಳುತ್ತೇನೆ.

ಅಳಿಯಂದಿರು ಸಿವಿಲ್ ಇಂಜಿನಿಯರ್. ಒಂದು ಶನಿವಾರ ಬೆಳಿಗ್ಗೆ ತಿಂಡಿ ತಿನ್ನುವಾಗ, 'ಮಾವ, ಇಲ್ಲಿ ನಿಮ್ಮ ಲೈನಿನ ಜಾಗ ಒಂದಿದೆ. ಹಳೇ ಇಟ್ಟಿಗೆ ಫ್ಯಾಕ್ಟರಿ. ಹೋಗೋಣ ಬನ್ನಿ' ಅಂದರು. ಯಜಮಾನ್ರು ಅಲ್ಲಿಯವರೆಗೆ ಯಾವ ಬೀಚಿಗೂ ಖುಷಿಯಿಂದ ಬಂದವರಲ್ಲ. ಇಟ್ಟಿಗೆ ಅಂದ ತಕ್ಷಣ ಎದ್ದು ಶರ್ಟು ಹಾಕಿಕೊಂಡರು. ಟಿಕೆಟ್ ಎಷ್ಟು ಅಂತ ಕೇಳಿದರು. ಫ್ರೀ ಅಂದಾಗ ಮುಖ ಇನ್ನೂ ಅರಳಿತು.

ಜಾಗದ ಹೆಸರು ಬ್ರಿಕ್‌ಪಿಟ್ ರಿಂಗ್ ವಾಕ್. 2000ದ ಒಲಿಂಪಿಕ್ಸ್ ನಡೆದ ಸಿಡ್ನಿ ಒಲಿಂಪಿಕ್ ಪಾರ್ಕಿನೊಳಗೇ ಇದೆ. ರೈಲಿನಲ್ಲಿ ಹೋಗುವವರು ಲಿಡ್ಕಮ್ ಸ್ಟೇಷನ್ನಿನಲ್ಲಿ ಇಳಿದು, ಒಲಿಂಪಿಕ್ ಪಾರ್ಕಿಗೆ ಹೋಗುವ ಬೇರೆ ರೈಲು ಹತ್ತಬೇಕು. ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ ಅಂತ ಅಳಿಯಂದಿರು ಹೇಳಿದರು. ನನ್ನಂಥ ಮಂಡಿಯವರಿಗೆ ಇಪ್ಪತ್ತು ನಿಮಿಷ ಹಿಡಿಯಬಹುದು. ದಾರಿ ಸಮತಟ್ಟಾಗಿದೆ, ತೊಂದರೆ ಇಲ್ಲ.

ದೂರದಿಂದ ಕಂಡಾಗ ನನಗೆ ಬಳೆ ನೆನಪಾಯಿತು. ದೊಡ್ಡದೊಂದು ಹಳ್ಳ, ತಳದಲ್ಲಿ ಹಸಿರು ನೀರು. ಅದರ ಮೇಲೆ ಯಾರೋ ಕೈಯಿಂದ ಬಳೆ ಕಳಚಿ ಕಡ್ಡಿಗಳ ಮೇಲೆ ಇಟ್ಟ ಹಾಗೆ ಒಂದು ಸುತ್ತು. ಸುತ್ತಳತೆ 550 ಮೀಟರ್. ತಳದಿಂದ ಎತ್ತರ 18.5 ಮೀಟರ್, ಅಂದರೆ ಸುಮಾರು ಅರವತ್ತು ಅಡಿ. ನಮ್ಮೂರ ಲೆಕ್ಕದಲ್ಲಿ ಆರು ಅಂತಸ್ತಿನ ಕಟ್ಟಡ. ಕಬ್ಬಿಣದ ಕಂಬಗಳು ಆ ಎತ್ತರಕ್ಕೆ ತೀರಾ ತೆಳ್ಳಗೆ ಕಾಣುತ್ತವೆ. ಯಜಮಾನ್ರು ಬಾಗಿಲಲ್ಲೇ ನಿಂತುಬಿಟ್ಟರು.

'ಇಷ್ಟು ಸಣ್ಣ ಕಂಬಕ್ಕೆ ಯಾರ್ರೀ ಪಾಸ್ ಕೊಟ್ಟಿದ್ದು?'

'ಮಾವ, 2005ರಿಂದ ನಿಂತಿದೆ. ಡರ್ಬಾಕ್ ಬ್ಲಾಕ್ ಅಂತ ಆರ್ಕಿಟೆಕ್ಟ್‌ಗಳು ಮಾಡಿದ್ದು. ಗುಂಡಿ ನೆಲಕ್ಕೆ ಕಮ್ಮಿ ತೊಂದರೆ ಆಗಲಿ ಅಂತಾನೇ ಕಂಬ ಇಷ್ಟು ತೆಳ್ಳಗೆ ಇಟ್ಟಿರೋದು.'

'ಹೂಂ' ಅಂದರು. ಒಪ್ಪಿಕೊಂಡ ಹೂಂ ಆಗಿರಲಿಲ್ಲ ಅದು. ಆದರೂ ಕೂಸಿನ ತಳ್ಳುಗಾಡಿಯನ್ನು ಮಗಳ ಕೈಯಿಂದ ತಾವೇ ತೆಗೆದುಕೊಂಡು ಮುಂದೆ ನಡೆದರು. ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ. ರಸ್ತೆ ಮಟ್ಟದಿಂದ ನೇರ ಒಳಗೆ ಹೋಗಬಹುದು. ಗಾಡಿ ಸಲೀಸಾಗಿ ಓಡುತ್ತದೆ. ಗಾಲಿಕುರ್ಚಿಯವರಿಗೂ ಆಗುತ್ತದೆ. ನಮ್ಮ ಕುಂದವಾಡ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ಸುತ್ತು ಹೊಡೆಯುವವರಿಗೆ 550 ಮೀಟರ್ ಲೆಕ್ಕಕ್ಕೇ ಇಲ್ಲ. ಎರಡು ಸುತ್ತು ಹಾಕಿದರೂ ಒಂದು ಕಿಲೋಮೀಟರು ಚಿಲ್ಲರೆ. ಆದರೆ ನಾವು ಮೊದಲ ಸುತ್ತಿಗೇ ಒಂದೂವರೆ ಗಂಟೆ ತೆಗೆದುಕೊಂಡೆವು.

ಯಾಕೆಂದರೆ ಯಜಮಾನ್ರು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಕೆಳಗೆ ಗುಂಡಿಯ ಗೋಡೆ ಕಾಣುತ್ತದಲ್ಲ, ಅದನ್ನು ಓದುತ್ತಿದ್ದರು. ಮೇಲಿನ ಮಣ್ಣು ಎಲ್ಲಿಗೆ ಮುಗಿಯಿತು, ಕೆಳಗಿನ ಪದರ ಎಲ್ಲಿಂದ ಶುರುವಾಯಿತು, ಯಾವ ಕಡೆಯಿಂದ ಅಗೆಯುತ್ತಾ ಬಂದಿದ್ದಾರೆ, ಲಾರಿ ಇಳಿಯುವ ದಾರಿ ಎಲ್ಲಿತ್ತು. 'ಇದು ಮಣ್ಣಲ್ಲ ಕಣೆ, ಕಲ್ಲು. ಮೆತು ಕಲ್ಲು. ಇದನ್ನ ಪುಡಿ ಮಾಡಿ ಒತ್ತಿದ್ದಾರೆ' ಅಂದರು. ಅಳಿಯಂದಿರು ಹೌದು ಅಂದರು. ಆ ಕಡೆ ಇಟ್ಟಿಗೆ ಮಾಡಿದ್ದು ಶೇಲ್ ಅನ್ನುವ ಪದರಗಲ್ಲಿನಿಂದ. ನಮ್ಮ ಹಾಗೆ ಕೆರೆ ಮಣ್ಣಿಗೆ ಕೆಮ್ಮಣ್ಣು ಬೆರೆಸಿ, ರಾತ್ರಿ ನೆನೆಸಿ, ಬೆಳಗಿನ ಜಾವ ಕಾಲಲ್ಲಿ ತುಳಿದು, ಅಚ್ಚಿಗೆ ಬೂದಿ ಉದುರಿಸಿ ಹೊಡೆಯುವ ಪದ್ಧತಿಯಲ್ಲ. ನಮ್ಮ ಯಜಮಾನ್ರಿಗೆ ಇಂಗ್ಲಿಷ್ ಬೋರ್ಡು ಓದಲು ಬರುವುದಿಲ್ಲ. ಗೋಡೆ ಓದಿ ಹೇಳಿಬಿಟ್ಟರು. ನನಗೆ ಒಳಗೊಳಗೇ ಹೆಮ್ಮೆ ಆಯಿತು, ತೋರಿಸಿಕೊಳ್ಳಲಿಲ್ಲ.

ದಾರಿಯ ಪಕ್ಕದಲ್ಲಿ ಬಣ್ಣಬಣ್ಣದ ಪರದೆಗಳಿವೆ, ಜಾಗದ ಕತೆ ಹೇಳುವ ಫಲಕಗಳಿವೆ. ಓದುವ ಅಭ್ಯಾಸ ಇದ್ದವರು ಓದಿ. ನಮಗೆ ಮಗಳು ಓದಿ ಹೇಳಿದಳು. ಕತೆ ಮಾತ್ರ ಮಜವಾಗಿದೆ.

1911ರಲ್ಲಿ ಅಲ್ಲಿನ ರಾಜ್ಯ ಸರ್ಕಾರವೇ ಇಲ್ಲಿ ಇಟ್ಟಿಗೆ ಕಾರ್ಖಾನೆ ಶುರು ಮಾಡಿತಂತೆ. ಸರ್ಕಾರಕ್ಕೆ ಯಾಕೆ ಇಟ್ಟಿಗೆ ವ್ಯಾಪಾರ ಅಂದರೆ, ಖಾಸಗಿ ಇಟ್ಟಿಗೆಯವರೆಲ್ಲ ಒಟ್ಟಿಗೆ ಸೇರಿ ರೇಟು ಏರಿಸಿದ್ದರು. ಅವರ ಕೈ ಕಟ್ಟಿಹಾಕಲು ಸರ್ಕಾರ ತಾನೇ ಸುಡಲು ನಿಂತಿತು. ಇದನ್ನು ಕೇಳಿ ಯಜಮಾನ್ರು ಸುಮ್ನೆ ಆಕಡೆ ತಿರುಗಿಕೊಂಡರು. ನಾನು ನಕ್ಕೆ. ಒಂದು ವರ್ಷ ಮಳೆ ಬೇಗ ಹಿಡಿದು ಇಟ್ಟಿಗೆ ಕಮ್ಮಿ ಆದಾಗ ನಮ್ಮ ರಸ್ತೆಯ ನಾಲ್ಕು ಭಟ್ಟಿಯವರು ಕೂತು ಟೀ ಕುಡಿದು, ಮಂಡಕ್ಕಿ ಮಿರ್ಚಿ ತಿಂದು ಎದ್ದಾಗ ಸಾವಿರಕ್ಕೆ ಮುನ್ನೂರು ರೂಪಾಯಿ ಏರಿತ್ತು. ಆ ಲೆಕ್ಕ ಬರೆದವಳು ನಾನೇ. ನೂರು ವರ್ಷದ ಹಿಂದೆ ಸಿಡ್ನಿಯಲ್ಲೂ ಹಾಗೇ ಕೂತಿದ್ದರು ಅಂತ ಗೊತ್ತಾಗಿ ಸಮಾಧಾನ ಆಯಿತು.

1988ರಲ್ಲಿ ಕಾರ್ಖಾನೆ ಮುಚ್ಚಿತು. ಅಷ್ಟರೊಳಗೆ ಈ ಗುಂಡಿಯಿಂದ ಹೊರಬಿದ್ದ ಇಟ್ಟಿಗೆ ಸುಮಾರು 300 ಕೋಟಿ. ನನಗೆ ಲೆಕ್ಕದ ಚಟ, ಅಲ್ಲೇ ಮೊಬೈಲು ತೆಗೆದೆ. ನಾವು ಒಂದು ಗೂಡಿಗೆ ಐವತ್ತು ಸಾವಿರ ಜೋಡಿಸುತ್ತಿದ್ದೆವು. ಒಳ್ಳೆ ವರ್ಷದಲ್ಲಿ ಆರು ಗೂಡು. ಅಂದರೆ ವರ್ಷಕ್ಕೆ ಮೂರು ಲಕ್ಷ. ಆ ಲೆಕ್ಕದಲ್ಲಿ 300 ಕೋಟಿ ಸುಡಲು ನಮಗೆ ಹತ್ತು ಸಾವಿರ ವರ್ಷ ಬೇಕು. ಯಜಮಾನ್ರಿಗೆ ಹೇಳಿದೆ. 'ಅಷ್ಟು ಹೊಟ್ಟು ಎಲ್ಲಿಂದ ತರೋದು' ಅಂದರು.

ಇನ್ನೊಂದು ವಿಷಯ ಅಲ್ಲೇ ಗೊತ್ತಾಯಿತು. ಇಟ್ಟಿಗೆಯ ಒಂದು ಮೈಮೇಲೆ ಗುಳಿ ಇರುತ್ತದಲ್ಲ, ನಡುವೆ ಹೆಸರಿನ ಅಕ್ಷರ ಮೂಡಿರುತ್ತದಲ್ಲ, ಅದಕ್ಕೆ ಇಂಜಿನಿಯರುಗಳು ಫ್ರಾಗ್ ಅನ್ನುತ್ತಾರೆ. ಯಜಮಾನ್ರು ಸೈಟುಗಳಲ್ಲಿ ಮೇಸ್ತ್ರಿಗಳ ಬಾಯಲ್ಲಿ 'ಫ್ರಾಗ್ ಮೇಲಕ್ಕೆ ಮಾಡಿ ಇಡ್ರೋ' ಅಂತ ಜೀವಮಾನ ಪೂರ್ತಿ ಕೇಳಿದ್ದಾರೆ. ಅದು ಇಟ್ಟಿಗೆಯ ಭಾಷೆ ಅಂದುಕೊಂಡಿದ್ದರು. ಫ್ರಾಗ್ ಅಂದರೆ ಕಪ್ಪೆ ಅಂತ ಅಳಿಯಂದಿರು ಹೇಳಿದಾಗ ಗಾಡಿ ನಿಲ್ಲಿಸಿ ಅವರ ಮುಖ ನೋಡಿದರು.

'ಕಪ್ಪೆನಾ?'

'ಹೌದು ಮಾವ. ಅದೇ ಕಪ್ಪೆ.'

'ಮತ್ತೆ ಇಲ್ಲಿ ಕೆಳಗೆ ಇರೋದೂ ಕಪ್ಪೆನೇ ಅಂದ್ಯಲ್ಲಪ್ಪ.'

'ಅದೂ ಕಪ್ಪೆನೇ.'

ಹೌದು, ಈ ದಾರಿ ಕಟ್ಟಿರುವುದೇ ಒಂದು ಕಪ್ಪೆಯ ದೆಸೆಯಿಂದ. ಕಾರ್ಖಾನೆ ಮುಚ್ಚಿದ ಮೇಲೆ ಗುಂಡಿಯಲ್ಲಿ ಮಳೆ ನೀರು ನಿಂತಿತು. ಅಲ್ಲಲ್ಲಿ ಮೊಣಕಾಲು ಮಟ್ಟದ ಹೊಂಡ, ಬಿಸಿಲು ಬೀಳುವ ಬಯಲು, ಅಡಗಲು ಕಲ್ಲು ಸಂದಿ. ಯಾರೂ ತಿರುಗಿ ನೋಡದ ಜಾಗ. 1992ರಲ್ಲಿ ನೋಡಿದರೆ ಅಲ್ಲಿ ಗ್ರೀನ್ ಆ್ಯಂಡ್ ಗೋಲ್ಡನ್ ಬೆಲ್ ಫ್ರಾಗ್ ಅನ್ನುವ ಕಪ್ಪೆ ಸಂಸಾರ ಹೂಡಿತ್ತು. ಹಸಿರು ಮೈಮೇಲೆ ಚಿನ್ನದ ಬಣ್ಣದ ಪಟ್ಟೆ, ತೊಡೆಯ ಒಳಗೆ ನೀಲಿ. ಮೂರು ಇಂಚಿನಷ್ಟು ಬೆಳೆಯುತ್ತದೆ. ಬೇರೆ ಕಪ್ಪೆಗಳ ಹಾಗಲ್ಲದೆ ಹಗಲಲ್ಲೂ ಬಿಸಿಲು ಕಾಯಿಸುತ್ತಾ ಕೂರುತ್ತದಂತೆ. ಒಂದು ಕಾಲಕ್ಕೆ ಸಿಡ್ನಿಯ ಸುತ್ತ ಎಲ್ಲಿ ನೋಡಿದರೂ ಇದ್ದದ್ದು, 1970ರ ಆಚೀಚೆಗೆ ಕಾಣೆಯಾಗತೊಡಗಿತ್ತು. ಇಲ್ಲಿ ಸಿಕ್ಕಿದ್ದು ಉಳಿದವುಗಳಲ್ಲೇ ದೊಡ್ಡ ಗುಂಪುಗಳಲ್ಲಿ ಒಂದು. ಮಾರನೇ ವರ್ಷ, ಅಂದರೆ 1993ರಲ್ಲಿ, ಸಿಡ್ನಿಗೆ ಒಲಿಂಪಿಕ್ಸ್ ಕೊಟ್ಟರು. ಈ ಗುಂಡಿಯಲ್ಲಿ ಟೆನಿಸ್ ಕ್ರೀಡಾಂಗಣ ಕಟ್ಟುವ ಯೋಜನೆ ಇತ್ತು. ಕಪ್ಪೆ ಇದೆ ಅಂತ ಟೆನಿಸನ್ನು ಬೇರೆ ಕಡೆ ಎತ್ತಿ ಹಾಕಿದರು. ಪಾರ್ಕಿನ ಬೇರೆ ಕಡೆಯೂ ಕಪ್ಪೆಗೆಂದೇ ಹೊಸ ಹೊಂಡ ತೋಡಿದರು.

ಕಪ್ಪೆ ಯಾಕೆ ಕಮ್ಮಿ ಆಯಿತು ಅಂದರೆ ಕಾರಣ ಒಂದೆರಡಲ್ಲ. ಹೊಂಡ ಮುಚ್ಚಿ ಮನೆ ಕಟ್ಟಿದ್ದು ಒಂದು. ಚರ್ಮಕ್ಕೆ ಹತ್ತುವ ಒಂದು ಬೂಷ್ಟಿನ ರೋಗ ಇನ್ನೊಂದು. ಮೂರನೆಯದನ್ನು ಕೇಳಿ ನಾನು ಬೆಚ್ಚಿದೆ. ಗಾಂಬೂಸಿಯಾ ಮೀನು! ಸೊಳ್ಳೆ ಮರಿ ತಿನ್ನಲಿ ಅಂತ 1920ರ ದಶಕದಲ್ಲಿ ಹೊರದೇಶದಿಂದ ತಂದು ಬಿಟ್ಟದ್ದು. ಅದು ಸೊಳ್ಳೆ ಮರಿಯ ಜೊತೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ ಎಲ್ಲ ತಿಂದಿತು. ಇದೇ ಮೀನನ್ನು ನಮ್ಮಲ್ಲಿ ಆರೋಗ್ಯ ಇಲಾಖೆಯವರು ಮಲೇರಿಯಾ, ಡೆಂಗಿ ಅಂತ ಬಾವಿಗೆ, ತೊಟ್ಟಿಗೆ ಬಿಡುತ್ತಾರೆ. ಒಂದು ಮಳೆಗಾಲ ನಾನೇ ಬಕೆಟ್ಟಿನಲ್ಲಿ ಇಸಕೊಂಡು ಬಂದು ನಮ್ಮ ಗುಂಡಿಗೆ ಸುರಿದಿದ್ದೆ. ಒಳ್ಳೆ ಕೆಲಸ ಮಾಡಿದೆ ಅಂತ ಅಂದುಕೊಂಡಿದ್ದೆ. ಆ ಅರವತ್ತು ಅಡಿ ಎತ್ತರದಲ್ಲಿ ನಿಂತು ಅದು ನೆನಪಾಗಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಈಗ ಮುಖ್ಯ ವಿಷಯ. ಕಪ್ಪೆ ಕಂಡಿತಾ? ಇಲ್ಲ. ಒಂದೂ ಕಾಣಲಿಲ್ಲ. ಅರವತ್ತು ಅಡಿ ಕೆಳಗೆ ಮೂರು ಇಂಚಿನ ಹಸಿರು ಕಪ್ಪೆ ಹಸಿರು ಜೊಂಡಿನಲ್ಲಿ ಕೂತರೆ ನನ್ನ ಕಣ್ಣಿಗಂತೂ ಕಾಣುವ ಮಾತಿಲ್ಲ. ಬಾತುಕೋಳಿ ಕಂಡವು. ಕಪ್ಪು ತಲೆಯ, ಕೊಕ್ಕು ಬಾಗಿದ ಬಿಳಿ ಕೆಂಬರಲು ಜಾತಿಯ ಹಕ್ಕಿಗಳು ಕಂಡವು. ಅಲ್ಲಿನ ಜನ ಅದಕ್ಕೆ ಕಸದ ಬುಟ್ಟಿ ಕೋಳಿ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಕೆಳಗೆ ಇಳಿದು ನೋಡೋಣ ಅಂದರೆ ದಾರಿ ಇಲ್ಲ. ಗುಂಡಿಗೆ ಜನರನ್ನು ಬಿಡುವುದೇ ಇಲ್ಲ. ಮೇಲೆ ಸುತ್ತು ಹಾಕಬೇಕು, ನೋಡಬೇಕು, ಹೊರಡಬೇಕು. ಅಷ್ಟೇ.

ಮೊದಲು ನನಗೂ ಇದೇನಪ್ಪ ಅನ್ನಿಸಿತು. ಇಷ್ಟು ದೂರ ಬಂದು ದೂರದಿಂದ ನೋಡೋದಾ? ಆಮೇಲೆ ಎರಡನೇ ಸುತ್ತಿನಲ್ಲಿ ಕಂಬಿಗೆ ಒರಗಿ ನಿಂತಾಗ ಬೇರೆ ಅನ್ನಿಸಿತು. ನಮ್ಮ ಕಡೆ ಒಂದು ಚೆಂದದ ನೀರಿನ ಜಾಗ ಇದೆ ಅಂದರೆ ಮೊದಲು ಮೆಟ್ಟಿಲು ಕಟ್ಟುತ್ತೇವೆ. ಆಮೇಲೆ ದೋಣಿ ಬಿಡುತ್ತೇವೆ. ಆಮೇಲೆ ಚುರುಮುರಿ ಗಾಡಿ ಬರುತ್ತದೆ, ನನಗೂ ಅದು ಬೇಕು, ಸುಳ್ಳು ಹೇಳುವುದಿಲ್ಲ. ಕಡೆಗೆ ನೀರಿನಲ್ಲಿ ಪ್ಲಾಸ್ಟಿಕ್ ಕವರು ಬಿಟ್ಟು ಬೇರೆ ಏನೂ ಉಳಿಯುವುದಿಲ್ಲ. ಇಲ್ಲಿ ನೋಡಲು ಬಂದವರ ಕಾಲು ನೆಲಕ್ಕೆ ತಾಗುವುದೇ ಇಲ್ಲ. ಕಪ್ಪೆಗೆ ನಾವು ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ. ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಕಪ್ಪೆ ಕಾಣದಿದ್ದರೂ ಪರವಾಗಿಲ್ಲ ಅನ್ನಿಸುವಷ್ಟು ಹಿಡಿಸಿತು.

ಇನ್ನೊಂದು ಕಾರಣವೂ ಇದೆ. ಚಿತ್ರದುರ್ಗದ ಕಡೆ ಹೋಗಲಿ, ಹರಿಹರದ ಕಡೆ ಹೋಗಲಿ, ಬಿಟ್ಟು ಹೋದ ಕ್ವಾರಿ, ಮಣ್ಣು ತೆಗೆದ ಗುಂಡಿ ನಮ್ಮಲ್ಲಿ ಕಮ್ಮಿ ಇಲ್ಲ. ಮಳೆಗಾಲದಲ್ಲಿ ತುಂಬುತ್ತವೆ. ಮಕ್ಕಳು ಈಜಲು ಇಳಿಯುತ್ತಾರೆ. ಗುಂಡಿಯ ಅಂಚು ಕೆರೆಯ ಹಾಗೆ ಇಳಿಜಾರು ಇರುವುದಿಲ್ಲ, ಒಂದೇ ಸಲಕ್ಕೆ ಆಳ. ಭಟ್ಟಿ ನಡೆಸಿದಷ್ಟು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಯಜಮಾನ್ರು ಸುತ್ತ ಜಾಲಿ ಮುಳ್ಳು ಹಾಕಿಸುತ್ತಿದ್ದರು. ಪ್ರತಿ ಆಗಸ್ಟಿಗೆ ಅದು ಯಾರದೋ ಒಲೆಗೆ ಹೋಗಿರುತ್ತಿತ್ತು. ಅಲ್ಲಿ ಮೇಲೆ ಕಂಬಿಯ ಹಿಂದೆ ಮಗ್ಗಲು ಮನೆಯ ಹುಡುಗರ ಹಾಗೆ ಓಡಾಡುತ್ತಿದ್ದ ಮಕ್ಕಳನ್ನು ನೋಡಿ, 'ಇದು ಕಪ್ಪೆಗೂ ಒಳ್ಳೇದು, ಹುಡುಗ್ರಿಗೂ ಒಳ್ಳೇದು' ಅಂದರು. ಬೇರೆ ಏನೂ ಹೇಳಲಿಲ್ಲ.

ಗುಂಡಿಯ ನೀರು ಸುಮ್ನೆ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ಒಲಿಂಪಿಕ್ ಪಾರ್ಕಿನ ಮಳೆ ನೀರನ್ನು ಈ ಗುಂಡಿಯಲ್ಲಿ ಕೂಡಿಡುತ್ತಾರೆ. ಅದನ್ನೂ ಶುದ್ಧ ಮಾಡಿದ ಕೊಳಚೆ ನೀರನ್ನೂ ಸೇರಿಸಿ ಶೌಚಾಲಯಕ್ಕೆ, ಹುಲ್ಲಿಗೆ ಬಳಸುತ್ತಾರೆ. ಕುಡಿಯುವ ನೀರಿನ ಪೈಪು ಬೇರೆ, ಇದರ ಪೈಪು ಬೇರೆ, ನೇರಳೆ ಬಣ್ಣದ್ದು. ಬೇಸಿಗೆಯಲ್ಲಿ ನಲ್ಲಿ ನೀರಿಗಾಗಿ ಕೊಡ ಜೋಡಿಸಿ ಕಾದವಳಿಗೆ ಇದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಈಗ ಹೋಗುವವರಿಗೆ ನಾಲ್ಕು ಮಾತು. ನಾವು ಮೊದಲ ಸಲ ಹೋಗಿದ್ದು ಡಿಸೆಂಬರಿನ ಮಟಮಟ ಮಧ್ಯಾಹ್ನ. ಅದು ನಮ್ಮದೇ ತಪ್ಪು. ಡಿಸೆಂಬರ್ ಅಂದರೆ ಅಲ್ಲಿ ಬೇಸಿಗೆ ಅನ್ನುವುದನ್ನು ತಲೆ ಒಪ್ಪಿದರೂ ಮೈ ಒಪ್ಪಿರಲಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲು ಕಂಡವರಿಗೆ ಇದೇನು ಅಂತ ಟೋಪಿ ಕೂಡ ಇಲ್ಲದೆ ಹೋದೆ. ಅಲ್ಲಿನ ಬಿಸಿಲು ಬೇರೆ ಥರ. ಸೆಖೆ ಇಲ್ಲ, ಆದರೆ ಚರ್ಮ ಚುರುಗುಟ್ಟುತ್ತದೆ. ಸಂಜೆಗೆ ನನ್ನ ಕತ್ತಿನ ಹಿಂದೆ ಉರಿ. ದಾರಿ ಆಕಾಶಕ್ಕೆ ಬಯಲಾಗಿದೆ, ಮರದ ನೆರಳು ಬಯಸಬೇಡಿ. ಟೋಪಿ, ನೀರಿನ ಬಾಟಲಿ ತಪ್ಪದೆ ಇರಲಿ. ಕೂಸು ಇದ್ದರೆ ಹಾಲಿನ ಬಾಟಲಿ ಕಾರಿನಲ್ಲೇ ಮರೆತು ಬರಬೇಡಿ. ನಾವು ಮರೆತಿದ್ದೆವು, ಕಡೇ ಕಾಲು ಸುತ್ತನ್ನು ಮೊಮ್ಮಗನ ಹಾಡು ಕೇಳುತ್ತಾ ಓಡಿ ಮುಗಿಸಿದೆವು. ಮೊದಲೇ ಶೌಚಾಲಯ ಮುಗಿಸಿಕೊಂಡು ಹತ್ತಿ. ಬರೀ ಇದೊಂದಕ್ಕೇ ಹೋದರೆ ಕೆಲವರಿಗೆ ಸಪ್ಪೆ ಅನ್ನಿಸಬಹುದು, ಹತ್ತಿರದಲ್ಲೇ ಬೈಸೆಂಟೆನಿಯಲ್ ಪಾರ್ಕ್ ಇದೆ. ಹುಲ್ಲು, ಮರ, ಮಕ್ಕಳ ಆಟದ ಜಾಗ ಎಲ್ಲ ಅಲ್ಲಿದೆ. ನಾವು ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡು ಹೋಗಿ ಅಲ್ಲಿ ಕೂತು ತಿಂದೆವು. ಮಂಡಕ್ಕಿ ಊರಿನಿಂದ ಒಯ್ದದ್ದು. ಒಂದು ಸೂಟ್‌ಕೇಸಿನ ಅರ್ಧ ಅದೇ ಇತ್ತು.

ಒಳ್ಳೆ ಸಮಯ ಸಂಜೆ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ತೆರೆದಿರುತ್ತದೆ. ಜನವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟು ದಾಟಿದ ಮೇಲೆ, ಆರಾಮಾಗಿ ಅಡುಗೆ ಮುಗಿಸಿ ಹೋಗಬಹುದು. ಕಪ್ಪೆ ಕೂಗುವುದೂ ಅಲ್ಲಿನ ವಸಂತ, ಬೇಸಿಗೆಯಲ್ಲೇ.

ನಾವು ಎರಡನೇ ಸಲ ಹಾಗೇ ಹೋದೆವು. ಯಜಮಾನ್ರೇ ಹಠ ಹಿಡಿದು ಹೊರಡಿಸಿದ್ದು. ಕೂಗಾದರೂ ಕೇಳಲೇಬೇಕು ಅಂತ. ಈ ಕಪ್ಪೆಯ ಕೂಗು ಹೇಗಿರುತ್ತದೆ ಅಂದರೆ, ಮೋಟಾರ್ ಬೈಕ್ ಗೇರ್ ಬದಲಿಸಿದ ಹಾಗೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಅಳಿಯಂದಿರು ಮನೆಯಲ್ಲೇ ಮೊಬೈಲಿನಲ್ಲಿ ಹಾಕಿ ಕೇಳಿಸಿದ್ದರು. ನಿಜಕ್ಕೂ ಹಾಗೇ ಇದೆ. ಯಜಮಾನ್ರ ಹಳೇ ರಾಜದೂತ್ ಗಾಡಿ ಹೊಟ್ಟಿನ ಚೀಲ ಹೇರಿಕೊಂಡು ಏರು ಹತ್ತುವಾಗ ಹೀಗೇ ನರಳುತ್ತಿತ್ತು. ಕ್ರಾ... ಆಂಕ್, ಕ್ರಾಂಕ್, ಕ್ರೊಕ್ ಕ್ರೊಕ್.

ಬೆಳಕು ಇಳಿಯುತ್ತಿತ್ತು. ನೀರು ಹಸಿರಿನಿಂದ ಕಪ್ಪಿಗೆ ತಿರುಗುತ್ತಿತ್ತು. ಜನ ಕಮ್ಮಿ. ಒಬ್ಬ ಹುಡುಗಿ ಜಾಗಿಂಗ್ ಮಾಡುತ್ತಾ ನಮ್ಮನ್ನು ನಾಲ್ಕು ಸಲ ದಾಟಿದಳು. ನಾವು ಕಂಬಿ ಹಿಡಿದು ಉಸಿರು ಬಿಗಿ ಹಿಡಿದು ನಿಂತೆವು. ಆಗ ಕೇಳಿಸಿತು. ಕ್ರಾ... ಆಂಕ್, ಕ್ರೊಕ್.

ಯಜಮಾನ್ರು ನನ್ನ ಮೊಣಕೈ ಹಿಡಿದರು. 'ಕೇಳ್ತಾ?'

ನಾನು ಮೊದಲು ಅಳಿಯಂದಿರ ಕಡೆ ನೋಡಿದೆ. ಅವರು ಎರಡೂ ಕೈ ಎತ್ತಿ ತೋರಿಸಿದರು. 'ಇಲ್ಲ ಅತ್ತೆ, ನನ್ನ ಫೋನು ಕಾರಲ್ಲಿದೆ.' ಆಮೇಲೆ ರಸ್ತೆ ಕಡೆ ನೋಡಿದೆ. ಅಲ್ಲಿ ಪಕ್ಕದಲ್ಲೇ ದೊಡ್ಡ ರಸ್ತೆ ಇದೆ, ಗಾಡಿ ಓಡಾಡುತ್ತಲೇ ಇರುತ್ತವೆ. ಬೈಕೂ ಇರುತ್ತವೆ.

'ರೀ, ಅದು ಬೈಕು' ಅಂದೆ.

'ಬೈಕಲ್ಲ ಕಣೆ, ಕಪ್ಪೆ. ಕೆಳಗಿಂದ ಬಂತು.'

'ಅಡ್ಡ ರಸ್ತೆಯಿಂದ ಬಂತು.'

ಆ ಜಗಳ ಮನೆವರೆಗೂ ನಡೆಯಿತು, ಇನ್ನೂ ಮುಗಿದಿಲ್ಲ. ಮಗಳು ಅವರಪ್ಪನ ಕಡೆ, ಅಳಿಯಂದಿರು ಎರಡೂ ಕಡೆ. ನನ್ನ ಕೇಳಿದರೆ ಅದು ಬೈಕೇ. ಮೂರನೇ ಗೇರಿಗೆ ಬಿದ್ದಿದ್ದು ಸ್ಪಷ್ಟವಾಗಿ ಕೇಳಿಸಿತು.

ಇನ್ನು ನಮ್ಮ ಗುಂಡಿ. ವಾಪಸ್ ಬಂದ ಮಾರನೇ ವಾರವೇ ಲೇಔಟ್ ಮಾಡುವವರು ಮತ್ತೆ ಬಂದಿದ್ದರು. ಇದು ಮೂರನೇ ಸಲ. ಊರಿನ ಹಳೇ ಕಟ್ಟಡ ಒಡೆದ ಮಣ್ಣು, ಇಟ್ಟಿಗೆ ಚೂರು ತಂದು ಗುಂಡಿ ತುಂಬಿಸುತ್ತೇವೆ, ಒಂದು ಪೈಸೆ ನಿಮ್ಮದು ಬೇಡ, ಆಮೇಲೆ ಸೈಟು ಮಾಡೋಣ, ನಿಮಗೆ ಇಷ್ಟು ಅಂತ ಕಾಗದದ ಮೇಲೆ ಬರೆದು ತೋರಿಸಿದರು. ಅಂಕಿ ಚಿಕ್ಕದೇನಲ್ಲ. ಯಜಮಾನ್ರು ಕಾಫಿ ಕೊಡಿಸಿ, ಯೋಚನೆ ಮಾಡ್ತೀನಿ ಅಂತ ಹೇಳಿ ಕಳಿಸಿದರು. ಆಮೇಲೆ ಗಾಡಿ ತೆಗೆದುಕೊಂಡು ಭಟ್ಟಿ ಕಡೆ ಹೋದರು. ನಾನೂ ಹಿಂದೆ ಕೂತು ಹೋದೆ.

ಏಳು ವರ್ಷದಲ್ಲಿ ನಾನು ಆ ಗುಂಡಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅಂಚಿನಲ್ಲಿ ಜೊಂಡು ಆಳುದ್ದ ಬೆಳೆದಿದೆ. ನೀರಿನ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡು ಹನ್ನೊಂದು ಎಣಿಸಿದೆ, ಹಳೆಯವೂ ಸೇರಿ. ಮಿಂಚುಳ್ಳಿ ಒಂದು ನಮ್ಮ ಹಳೇ ನೀರಿನ ಪೈಪಿನ ಮೇಲೆ ಕೂತು ದಡಕ್ಕನೆ ನೀರಿಗೆ ಬಿದ್ದು ಎದ್ದಿತು. ನಾನು ಬಿಟ್ಟ ಗಾಂಬೂಸಿಯಾ ಇನ್ನೂ ಇವೆಯೋ ಅಂತ ಬಗ್ಗಿ ನೋಡಿದೆ. ಇದ್ದವು, ದಂಡಿಯಾಗಿ.

ಜೂನ್ ಮೊದಲ ವಾರ ಜೋರು ಮಳೆ ಆಯಿತು. ಅವತ್ತು ರಾತ್ರಿ ಒಂಬತ್ತಕ್ಕೆ ಯಜಮಾನ್ರು ಛತ್ರಿ ಹಿಡಿದು ಮತ್ತೆ ಅಲ್ಲಿಗೆ ಹೋದರು. ಬೇಡ ಅಂದರೂ ಕೇಳಲಿಲ್ಲ, ನಾನೂ ಹೋದೆ. ಗುಂಡಿ ತುಂಬ ವಟರ್ ವಟರ್. ಮೀ‌ನಿಗೆ ತಪ್ಪಿಸಿಕೊಂಡವು ಎಷ್ಟಿದ್ದವೋ, ಕಿವಿ ಗಡಚಿಕ್ಕುವಷ್ಟು. ಯಜಮಾನ್ರು ಮಗಳಿಗೆ ವಾಟ್ಸಾಪಿನಲ್ಲಿ ಫೋನು ಹಚ್ಚಿ, ಮಾತಾಡದೆ ಮೊಬೈಲನ್ನು ಗುಂಡಿ ಕಡೆ ಹಿಡಿದರು. ಅಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ಕೂಸಿಗೆ ಹಾಲು ಕೊಡಲು ಎದ್ದಿದ್ದಳೇನೋ, ಎತ್ತಿದಳು.

'ಅಪ್ಪಾ, ಎಲ್ಲಿದ್ದೀರಾ? ಏನದು, ಬೈಕ್ ಸೌಂಡಾ?'